ಸಿಂಗಳೀಕ ಕಚ್ಚಿದ ಅತ್ತಿಹಣ್ಣು

ಶಿವರಾತ್ರಿ ಕಳೆದ ವಾರ ನಾನು ಮತ್ತು ನನ್ನ ಅಕ್ಕ ಸುಶೀಲ ತೀರ್ಥಹಳ್ಳಿಯಿಂದ ಬೆಳಗಿನ ಬಸ್ಸಿಗೆ ಹೊರಟೆವು. ಸಾಗರಕ್ಕೆ ಒಬ್ಬರಿಗೆ ಎರಡೂವರೆ ರೂಪಾಯಿ. ಲಿಂಗನಮಕ್ಕಿಯಲ್ಲಿ ಅಣೆಕಟ್ಟು ಎದ್ದಾಗ ಶರಾವತಿ ದಂಡೆಯ ನಮ್ಮ ಊರು ಮುಳುಗಿ, ಮನೆಯವರಿಗೆ ತೀರ್ಥಹಳ್ಳಿ ಕಡೆ ಜಮೀನು ಸಿಕ್ಕಿತ್ತು. ಊರ ಹಿಂದಿನ ಗುಡ್ಡದ ತಲೆ ಮಾತ್ರ ನಡುಗಡ್ಡೆಯಾಗಿ ಉಳಿದಿದೆ ಎಂದು ಕೇಳಿದ್ದೆವು. ಅಲ್ಲಿನ ಅತ್ತಿಮರ ನೋಡಬೇಕೆಂದು ಅಕ್ಕ ಎರಡು ಬೇಸಿಗೆಯಿಂದ ನನ್ನ ತಲೆ ತಿನ್ನುತ್ತಿದ್ದಳು.

ಆ ಮರಕ್ಕೆ ಸಿಂಗಳೀಕಗಳು ಬರುತ್ತಿದ್ದವು. ಹೆಬ್ಬಲಸು ಇನ್ನೂ ಎಳಸು, ನೇರಳೆಗೆ ಇನ್ನೂ ಕಾಲ ಬಂದಿಲ್ಲ, ಕಾಡಿನಲ್ಲಿ ಬೇರೇನೂ ಇಲ್ಲ ಎನ್ನುವ ದಿನಗಳಲ್ಲೂ ಅತ್ತಿಯ ಬೊಡ್ಡೆಯ ಮೇಲೆ ಗೊಂಚಲು ಗೊಂಚಲು ಹಣ್ಣು. ಅವು ಹಿಚುಕಿ, ಮೂಸಿ, ಅರ್ಧ ತಿಂದು ಕೆಳಗೆಸೆಯುತ್ತಿದ್ದವು. ಅತ್ತಿಹಣ್ಣಿನಲ್ಲಿ ಹುಳ ಇರುವುದು ಎಲ್ಲರಿಗೂ ಗೊತ್ತು. ಮಂಗ ಕಚ್ಚಿದ್ದರಲ್ಲಿ ಇರುವುದಿಲ್ಲ ಎಂಬುದು ಅಕ್ಕನ ಸಿದ್ಧಾಂತ. ಹಾಗಾಗಿ ನಾವು ಕಚ್ಚಿದ್ದನ್ನೇ ಹೆಕ್ಕಿ ತಿನ್ನುತ್ತಿದ್ದೆವು. ಎಂಥ ರುಚಿ ಅದು! ನೀರು ಬರುವ ಮೊದಲು ಮರ ಕಡಿಯುವವರು ಗುಡ್ಡಕ್ಕೂ ಬಂದಾಗ ಅಕ್ಕ ಅತ್ತಿಯ ಬುಡದಲ್ಲಿ ಕೂತವಳು ಏಳಲೇ ಇಲ್ಲ. ಸುತ್ತಲಿನದೆಲ್ಲ ಹೋಯಿತು, ಅದೊಂದು ಉಳಿಯಿತು.

ಹೊಸನಗರದಲ್ಲಿ ಬಸ್ಸು ನಿಂತಾಗ ಅವಲಕ್ಕಿ ತಿಂದು ಕಾಫಿ ಕುಡಿದೆವು.

"ಮರ ಇದ್ಮೇಲೆ ಅವೂ ಇರ್ತಾವೆ, ಅಲ್ಲನಾ?" ಎಂದಳು ಅಕ್ಕ.

ಹೂಂ ಎಂದೆ. ಮನಸ್ಸಿನಲ್ಲಿ ಅಷ್ಟು ಧೈರ್ಯವಿರಲಿಲ್ಲ.

ಆ ರಾತ್ರಿ ಸಾಗರದಲ್ಲಿ ನೆಂಟರ ಮನೆಯಲ್ಲಿ ಉಳಿದು, ಮರುದಿನ ಇನ್ನೊಂದು ಬಸ್ಸಿನಲ್ಲಿ ಹಿನ್ನೀರಿನ ದಡಕ್ಕೆ ಹೋದೆವು. ದೋಣಿಯ ಮಂಜಪ್ಪ ನಮ್ಮನ್ನು ಕರೆದೊಯ್ಯಲು ಒಪ್ಪಿದ. ಬಿಸಿಲು ಚುರುಗುಟ್ಟುತ್ತಿತ್ತು. ಅಲ್ಲಲ್ಲಿ ಒಣಗಿದ ಮರಗಳ ತುದಿಗಳು ನೀರಿನ ಮೇಲೆ ನಿಂತಿದ್ದವು. ನಮ್ಮ ಶಾಲೆ, ಕೆರೆ, ಈಜು ಕಲಿತ ಹಳ್ಳ ಎಲ್ಲವೂ ದೋಣಿಯ ಕೆಳಗೆಲ್ಲೋ ಇದ್ದವು.

ಮರ ಇತ್ತು. ಅಕ್ಕ ದೋಣಿಯಿಂದ ಇಳಿದವಳೇ ಸೆರಗು ಸಿಕ್ಕಿಸಿ ಗುಡ್ಡ ಹತ್ತಿದಳು. ಬುಡದ ತುಂಬ ಹಣ್ಣು, ಕಾಲಿಡಲು ಜಾಗವಿಲ್ಲ. ಚಿಕ್ಕಂದಿನಲ್ಲಿ ಅಲ್ಲಿ ಇಡೀ ಹಣ್ಣು ಕಂಡ ನೆನಪೇ ನನಗಿಲ್ಲ. ಅಕ್ಕ ಬಗ್ಗಿ ಒಂದೊಂದನ್ನೇ ಹೊರಳಿಸುತ್ತ ಮರವನ್ನು ಸುತ್ತಿದಳು. ಹಕ್ಕಿ ಕುಕ್ಕಿದ ಹಣ್ಣು ಕೆಲವಿದ್ದವು. ಹಲ್ಲಿನ ಗುರುತು ಯಾವುದರಲ್ಲೂ ಇರಲಿಲ್ಲ.

"ಒಂದೂ ಕಚ್ಚಿದ್ದಿಲ್ಲ ಕಣೋ," ಎಂದಳು.

"ನೀರು ಏರಿದ ವರ್ಷ ಇದ್ವು ಅಮ್ಮಾ," ಎಂದ ಮಂಜಪ್ಪ. "ಹಣ್ಣು ಮುಗಿದ್ಮೇಲೆ ತೊಗಟೆ ಕೆರೀತಿದ್ವು. ಆಮೇಲೆ ಅವನ್ನ ಯಾರೂ ಕಂಡಿಲ್ಲ."

"ಇದೊಂದು ಮರ ಎಷ್ಟು ದಿನದ ಊಟ ಕೊಟ್ಟೀತು? ಅವುಕ್ಕೆ ಆ ಗುಡ್ಡ, ಈ ಗುಡ್ಡ ಎಲ್ಲ ಬೇಕಿತ್ತು," ಎಂದು ಅಕ್ಕ ತನಗೇ ಹೇಳಿಕೊಂಡಳು. ನನಗೆ ಅಳು ಬಂತು. ಅವಳು ಅಳಲಿಲ್ಲ, ಸೆರಗಿಗೆ ಒಂದಿಷ್ಟು ಹಣ್ಣು ಕಟ್ಟಿಕೊಂಡಳು.

ವಾಪಸು ಬರುವಾಗ ಹೊಸನಗರ ದಾಟಿದ ಮೇಲೆ ಅಕ್ಕ ಆ ಗಂಟು ಬಿಚ್ಚಿದಳು. ಒಂದನ್ನು ಕಚ್ಚಿ, ಒಳಗೆ ನೋಡಿ, ಕಿಟಕಿಯಿಂದಾಚೆ ಎಸೆದಳು. ಇನ್ನೊಂದೂ ಹಾಗೇ ಹೋಯಿತು. ಮತ್ತೊಂದನ್ನು ಹಿಚುಕಿ, ಮೂಸಿ, ಅರ್ಧ ತಿಂದು, ಉಳಿದರ್ಧವನ್ನು ನನ್ನ ಅಂಗೈಯಲ್ಲಿಟ್ಟಳು.

"ತಿನ್ನು. ಕಚ್ಚಿ ಕೊಟ್ಟಿದೀನಿ."

ನಾನು ಒಳಗೆ ನೋಡದೆ ತಿಂದೆ.