ಸೋಲಾರ್ ಪೈಪಿನ ಕತ್ತು

ನಮ್ಮ ಮಾಳಿಗೆಯಲ್ಲಿ ಸೋಲಾರ್ ಪೈಪು ಇಳಿಯುವ ತೂತು ಸರಿಯಾಗಿ ನನ್ನ ಹೊಲಿಗೆ ಯಂತ್ರದ ಮೇಲೆಯೇ ಇದೆ. ಇಡೀ ಗಂಗಾವತಿಯಲ್ಲಿ ಅದಕ್ಕೆ ಬೇರೆ ಜಾಗ ಸಿಗಲಿಲ್ಲ. ಯಂತ್ರ ಸರಿಸೋಣವೆಂದರೆ ಬೆಳಕಿರುವುದು ಅಲ್ಲಿ ಮಾತ್ರ. ತೂತಿನ ಸುತ್ತ ಅಂಟಿಸಿದ್ದ ಡಾಂಬರ್ ಶೀಟು ಬಿಸಿಲಿಗೆ ಹರಿದು, ಮಳೆ ಬಂದರೆ ನೀರು ಪೈಪು ಹಿಡಿದುಕೊಂಡೇ ಕೆಳಗಿಳಿಯುತ್ತಿತ್ತು. ನಮ್ಮ ಯಜಮಾನರು ವರ್ಷಕ್ಕೊಮ್ಮೆ ಅದರ ಮೇಲೆ ಒಂದು ಮುಷ್ಟಿ ಸಿಮೆಂಟು ಮೆತ್ತಿ, ಅಣೆಕಟ್ಟು ಕಟ್ಟಿದವರ ಗತ್ತಿನಲ್ಲಿ ಇಳಿದು ಬರುತ್ತಿದ್ದರು. ಮುಂದಿನ ಮಳೆಗೆ ಸಿಮೆಂಟು ಬಿರಿಯುತ್ತಿತ್ತು.

ಈ ಸಲ ನವಲಿಯ ಮದುಮಗಳೊಬ್ಬಳ ರೇಷ್ಮೆ ರವಿಕೆ ಹೊಲಿಯಲು ಬಂದಿತ್ತು. ಕಡುಗೆಂಪು, ಒಂದು ಹನಿ ಬಿದ್ದರೂ ಬಣ್ಣ ಬಿಡುವ ಜಾತಿ. ಅದು ಕೆಟ್ಟರೆ ಮದುವೆ ಮನೆಯವರಿಗೆ ಹೇಗೆ ಮುಖ ತೋರಿಸಲಿ? ಮೋಡ ಕಂಡರೆ ಹೊಲಿಗೆ ಅರ್ಧಕ್ಕೇ ಬಿಟ್ಟು ಅದನ್ನು ಬೀರುವಿನಲ್ಲಿಡುತ್ತಿದ್ದೆ.

"ಗೌಂಡಿನ್ನ ಕರಸ್ರಿ," ಅಂದೆ.

"ಏ, ಇಷ್ಟಕ್ಕ ಗೌಂಡಿ ಯಾಕ? ನಾ ಇಲ್ಲೇನ?" ಎಂದರು ಯಜಮಾನರು. ಇದ್ದರು, ಕುರ್ಚಿಯಲ್ಲಿ.

ಸಿಟ್ಟು ನೆತ್ತಿಗೇರಿತು. ಶೀಟು ತಂದು ನಾನೇ ಮಾಳಿಗೆ ಹತ್ತಿದೆ. ಹರಿದಷ್ಟನ್ನು ಮಾತ್ರ ಕಿತ್ತು, ಟೇಪಿನಿಂದ ಪೈಪಿನ ಸುತ್ತಳತೆ ತೆಗೆದು, ರವಿಕೆಗೆ ಕತ್ತು ತೆಗೆಯುವ ಹಾಗೆ ಶೀಟನ್ನು ದುಂಡಗೆ ಕತ್ತರಿಸಿ, ಡಾಂಬರು ಬಳಿದು ಕೂರಿಸಿದೆ. ಸುತ್ತ ಉಳಿದ ಹಳೆಯ ಶೀಟಿನ ಅಂಚಿಗೆ ಹೊಸದರ ಅಂಚು ಸರಿಯಾಗಿ ತಾಗಿತ್ತು, ಅದರ ಮೇಲೆ ಒಂಚೂರೂ ಏರಿರಲಿಲ್ಲ. ಎಂಥ ಫಿಟ್ಟಿಂಗ್ ಅಂತೀರಿ! ಒಂದು ಕೊಡ ನೀರು ಸುರಿದು ನೋಡಿದರೆ ಆ ಅಂಚಿನಲ್ಲೇ ನುಗ್ಗಿ ಕೆಳಗೆ ಹಾಜರು.

ಅಯ್ಯ ನನ್ನ ಬುದ್ಧಿಯೇ! ನಾಳೆ ಮೈ ಬಂದೀತೆಂದು ಊರ ಹೆಂಗಸರ ರವಿಕೆಗೆಲ್ಲ ಒಳಗೆ ಎರಡು ಬೆರಳು ಬಟ್ಟೆ ಹೆಚ್ಚು ಬಿಡುವವಳು, ಮಾಳಿಗೆಗೆ ಒಂದೆಳೆಯನ್ನೂ ಬಿಟ್ಟಿರಲಿಲ್ಲ. ಎಲ್ಲ ಒಣಗಿದ ಮೇಲೆ ಸುತ್ತ ಗೇಣಗಲ ಹೆಚ್ಚು ಬಿಟ್ಟು ಇನ್ನೊಂದು ಶೀಟು ಅಂಟಿಸಿ, ಪೈಪಿಗೂ ಒಂದು ಪಟ್ಟಿ ಸುತ್ತಿದೆ. ನೋಡಲು ಅಸಹ್ಯವಾಗಿತ್ತು, ಆದರೆ ನೀರು ಇಳಿಯಲಿಲ್ಲ.

ಮದುಮಗಳ ತಾಯಿ ರವಿಕೆ ಒಯ್ಯಲು ಬಂದಾಗ ಧೋ ಎಂದು ಮಳೆ. ರವಿಕೆ ಯಂತ್ರದ ಮೇಲೆ ಬೆಚ್ಚಗಿತ್ತು. ಆಕೆ ತಲೆಯೆತ್ತಿ ನೋಡಿ, "ಹೊರಗ ಇಷ್ಟ ಮಳಿ, ಒಳಗ ಒಂದ ಹನಿ ಇಲ್ಲ. ಗಂಡಸರು ಲಕ್ಷ್ಯ ಕೊಟ್ರ ಮನಿ ಹಿಂಗ ಇರತೈತಿ ನೋಡ್ರಿ," ಎಂದರು.

"ನಮ್ಮ ಮನಿ ಅಂದಮ್ಯಾಲ ಮಾಡಬೇಕಲ್ರಿ," ಎಂದು ಯಜಮಾನರು ನಾಚಿಕೊಂಡರು.

ನನಗೆ ಮೈಯೆಲ್ಲ ಉರಿಯಿತು. ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡು ರವಿಕೆ ಎತ್ತಿಕೊಡಲು ಕೈ ಚಾಚಿದೆ. ಉಗುರ ಸಂದಿಯ ಡಾಂಬರು ಇನ್ನೂ ಹೋಗಿರಲಿಲ್ಲ.

"ತಡೀರಿ ಅಕ್ಕಾರ!" ಆಕೆ ಹೌಹಾರಿದರು. "ಕೈ ತೊಳಕೊಂಡು ಮುಟ್ರಿ, ರೇಷ್ಮಿ ಐತಿ."