ಗೋಡೆಯಾಚೆಯ ಜೋಲಿ

ಓದುಗರಲ್ಲಿ ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ: ದೆವ್ವ, ಶಕುನ, ಹಲ್ಲಿ ಲೊಚಗುಟ್ಟುವುದು, ಇವು ಯಾವುದಕ್ಕೂ ನನ್ನ ಮನೆಯಲ್ಲಿ ಪ್ರವೇಶವಿರಲಿಲ್ಲ. ಹಾಗೆ ನೋಡಿದರೆ ಮನುಷ್ಯರೂ ಅಷ್ಟಾಗಿ ಬರುತ್ತಿರಲಿಲ್ಲ. ನಿವೃತ್ತನಾದ ಮೇಲೆ ಸುಂಟಿಕೊಪ್ಪದಲ್ಲಿ ಬಾಡಿಗೆ ಮನೆ ಹಿಡಿದು, ಒಬ್ಬನೇ ಬೇಯಿಸಿಕೊಂಡು ತಿಂದು, ಒಂದು ಕಂಪನಿಗಾಗಿ ಕಡಲಿನ ಚಿತ್ರಗಳನ್ನು ತಿದ್ದುತ್ತಿದ್ದೆ. ಕಾಫಿ ಗಿಡಗಳ ನಡುವೆ ಕೂತು ಹಡಗು ನೋಡುವವನೆಂದು ಎದುರಂಗಡಿಯವರು ನನ್ನನ್ನು ಕರುಣೆಯಿಂದ ಕಾಣುತ್ತಿದ್ದರು.

ಕೆಲಸ ಇಷ್ಟೇ. ಉಪಗ್ರಹದ ರೇಡಾರ್ ಕಡಲನ್ನು ಕೆಲವು ಸೆಕೆಂಡು ದಿಟ್ಟಿಸಿ ಚಿತ್ರ ಕಟ್ಟುತ್ತದೆ. ಅಷ್ಟರಲ್ಲಿ ಹಡಗು ಸಾಗಿದರೆ, ಓಲಾಡಿದರೆ, ಚಿತ್ರದಲ್ಲಿ ಅದು ಚೆಲ್ಲಿದ ಹಿಟ್ಟಿನಂತೆ ಹರಡಿಕೊಳ್ಳುತ್ತದೆ. ಅದರ ವೇಗವನ್ನೂ ಓಲಾಟವನ್ನೂ ಸರಿಯಾಗಿ ಊಹಿಸಿಕೊಟ್ಟರೆ ಹಿಟ್ಟು ಒಟ್ಟುಗೂಡಿ ಹಡಗಾಗುತ್ತದೆ. ಅದಿರುವ ಜಾಗವೂ ಆಗಲೇ ತಿಳಿಯುವುದು.

ಒಂದೇ ಗೋಡೆಯ ಆಚೆ ಸುಹರಾ ಇದ್ದಳು. ಗಂಡ ಮಂಗಳೂರಿನ ಮೀನಿನ ಬೋಟಿನಲ್ಲಿ ಕೆಲಸಕ್ಕಿದ್ದ. ಅವಳ ಮಗುವಿನ ಜೋಲಿ ತೊಲೆಗೆ ಉಜ್ಜುವ ಕಿರ್ ಸದ್ದೇ ನಮ್ಮಿಬ್ಬರ ಪರಿಚಯ. ಒಂದು ಮಧ್ಯಾಹ್ನ ಮಗುವನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೆ ಬಂದಳು. ಬೋಟು ಮೂರು ದಿನದಿಂದ ಪತ್ತೆಯಿಲ್ಲವಂತೆ. ಹುಡುಕುವವರು ಉತ್ತರಕ್ಕೆ ಹೋಗಿದ್ದಾರಂತೆ.

“ನೀವು ಕಡಲು ನೋಡ್ತೀರಂತಲ್ಲ ಸಾರ್. ಅವರು ಎಲ್ಲಿದ್ದಾರೆ ಅಂತ ಒಂದು ನೋಡಿ.”

ಬೋಟು ಕಂಡರೂ ಅದು ಯಾರದೆಂದು ಹೇಳಲಾಗದೆಂದು ಅವಳಿಗೊಂದು ಉಪನ್ಯಾಸ ಕೊಟ್ಟೆ.

“ಹೇಳೋದು ಬೇಡ. ನೋಡಿ, ಸಾಕು,” ಎಂದು ಹೊರಟುಹೋದಳು.

ಆ ಬೆಳಗಿನ ಚಿತ್ರ ನನ್ನ ಬಳಿಯೇ ಇತ್ತು. ದಕ್ಷಿಣದ ಮೂಲೆಯಲ್ಲಿ ಸಣ್ಣದೊಂದು ಚೆಲ್ಲು. ಯಾವ ವೇಗ ಕೊಟ್ಟರೂ ಕೂಡಲಿಲ್ಲ. ಎಂಜಿನ್ ನಿಂತು ಸುಮ್ಮನೆ ಓಲಾಡುತ್ತಿರಬಹುದು. ಆದರೆ ಎಷ್ಟು ಹೊತ್ತಿಗೊಂದು ಓಲಾಟ? ಎರಡು ತಾಸು ಏನೇನೋ ಕೊಟ್ಟು ಸೋತೆ. ಅಷ್ಟರಲ್ಲಿ ಗೋಡೆಯಾಚೆ ಜೋಲಿ ಶುರುವಾಯಿತು. ಮಗುವನ್ನು ಮಲಗಿಸುತ್ತಿದ್ದಾಳೆ ಎಂದುಕೊಂಡು, ಕೆಲಸವಿಲ್ಲದ ಮನಸ್ಸಿನಿಂದ ಗಡಿಯಾರ ನೋಡಿ ಎಣಿಸಿದೆ. ಹೋಗಿ ಬರಲು ಮೂರೂವರೆ ಸೆಕೆಂಡು. ನಾಚಿಕೆಪಟ್ಟುಕೊಂಡೇ ಅದನ್ನು ಕೊಟ್ಟೆ.

ಹಿಟ್ಟು ಕೂಡಿತು. ಪರದೆಯ ಮೇಲೆ ಒಂದು ಪುಟ್ಟ ಬೋಟು.

ಹೇಳಲು ಓಡಿದೆ. ಅವಳ ಬಾಗಿಲಿಗೆ ಬೀಗ.

“ಅವರು ಆಗ್ಲೇ ಮಂಗಳೂರು ಬಸ್ಸು ಹತ್ತಿದ್ರಲ್ಲ ಸಾರ್, ನಿಮ್ಮಲ್ಲಿಂದ ಬಂದ ಹತ್ತೇ ನಿಮಿಷಕ್ಕೆ,” ಎಂದರು ಎದುರಂಗಡಿಯವರು.

ಕಿಟಕಿಯಲ್ಲಿ ಇಣುಕಿದೆ. ಜೋಲಿಯ ಸೀರೆಯನ್ನೂ ಬಿಚ್ಚಿಕೊಂಡು ಹೋಗಿದ್ದಳು. ಬರೀ ತೊಲೆ ಮಾತ್ರ ಉಳಿದಿತ್ತು.

ಎದುರಂಗಡಿಯವರಿಂದ ನಂಬರು ಪಡೆದು ಬೋಟಿನ ಜಾಗವನ್ನು ಫೋನಿನಲ್ಲಿ ಅವಳಿಗೆ ಹೇಳಿದೆ, ಅವಳು ಬೋಟಿನ ಮಾಲೀಕರಿಗೆ ಹೇಳಿದಳು. ಮರುದಿನ ಬೋಟಿನಲ್ಲಿದ್ದ ಐವರೂ ಜೀವಂತ ಸಿಕ್ಕರು. ಗಂಡಹೆಂಡತಿ ಮಂಗಳೂರಿನಲ್ಲೇ ಮನೆ ಮಾಡಿದರು.

ಪ್ರತಿ ಊಹೆಗೂ ಆಧಾರವೇನೆಂದು ಬರೆಯುವುದು ನಮ್ಮ ಕೆಲಸದ ನೇಮ. ಬರೆಯದ ಕಿರಿಯರನ್ನು ಸೇವಾವಧಿಯುದ್ದಕ್ಕೂ ಗದರಿಸಿಕೊಂಡು ಬಂದವನು ನಾನು. ಅಂದು ಆಧಾರ ಬರೆಯುವಲ್ಲಿ ‘ಪಕ್ಕದ ಮನೆ’ ಎಂದು ಬರೆದೆ, ಅಳಿಸಿದೆ, ಖಾಲಿ ಬಿಟ್ಟೆ.

ಅಂದು ಕೇಳಿದ ಕಿರ್ ಸದ್ದು ಗಾಳಿಯದಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆ ಮನೆಗೆ ಇನ್ನೂ ಯಾರೂ ಬಂದಿಲ್ಲ. ಗಾಳಿ ಬೀಸಿದಾಗಲೆಲ್ಲ ಕೆಲಸ ನಿಲ್ಲಿಸಿ ಗೋಡೆಗೆ ಕಿವಿಯಿಡುತ್ತೇನೆ. ಒಂದು ಸಲವೂ ಕೇಳಿಲ್ಲ.