ಸೋರದ ಎಲೆ

ಎಲೆಯಕ್ಕನ ಬಲಗೈ ಹೆಬ್ಬೆರಳಿನ ಉಗುರು ಬಿದಿರ ಸೀಳಿನಷ್ಟು ಗಟ್ಟಿ. ಮುತ್ತುಗದ ಎಲೆ ಜೋಡಿಸಿ, ಕಡ್ಡಿ ಚುಚ್ಚಿ, ಉಳಿದ ತುದಿಯನ್ನು ಆ ಉಗುರಿನಲ್ಲೇ ಚಿಟಕ್ಕನೆ ಮುರಿಯುತ್ತಿದ್ದಳು. ಹೊಳೆನರಸೀಪುರದ ಎಷ್ಟೋ ಮದುವೆಗಳಿಗೆ ಊಟದೆಲೆ ಅವಳದೇ. ಹುಟ್ಟಿದಾಗ ಗಂಡೆಂದು ಹೆಸರಿಟ್ಟಿದ್ದರಂತೆ. ನಾನು ಕಂಡಂದಿನಿಂದ ಹಸಿರು ಸೀರೆ, ಕೈತುಂಬ ಬಳೆ, ಬೀದಿಗೆಲ್ಲ ಕೇಳುವ ನಗು.

ಪ್ರತಿ ಕಂತೆಯಿಂದ ಒಂದೆಲೆ ಎಳೆದು ನೀರು ಸುರಿದು ನೋಡುವಳು. "ಸೋರ್ದಿದ್ರೆ ಎಲೆ, ಸೋರಿದ್ರೆ ಒಲೆಗೆ."

ನಾನು ಹಾಸನದಲ್ಲಿ ಓದುತ್ತ, ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಹೊಡೆದು, ಸಿಕ್ಕವರೊಡನೆಲ್ಲ ವಾದಕ್ಕಿಳಿಯುತ್ತಿದ್ದೆ. ದೇವರಿಲ್ಲವೆಂದು ಅರ್ಧ ಗಂಟೆ ಸಾಧಿಸಿದರೆ ಅವಳು ಕೇಳಿದ್ದು ಇಷ್ಟೇ: "ಇಲ್ದೋನ್ ಮ್ಯಾಲೆ ಯಾಕ್ಲಾ ಇಷ್ಟು ಸಿಟ್ಟು?"

ಒಂದು ರಜೆಗೆ ಬಂದಾಗ ಅವಳ ಕಾಲು ಕುಂಬಳಕಾಯಿಯಂತೆ ಊದಿತ್ತು. ಎಲೆ ಕೊಯ್ಯುವಾಗ ಹೊಕ್ಕ ಮುಳ್ಳು ಕೀವಾಗಿ ಹದಿನೈದು ದಿನ. ಆಸ್ಪತ್ರೆ ಕೂಗಳತೆಯಲ್ಲಿತ್ತು. ಯಾಕೆ ಹೋಗಲಿಲ್ಲವೆಂದು ರೇಗಿದೆ.

"ಆಚೆ ವರ್ಸ ಜರಕ್ಕೆ ಓಗಿದ್ದೆ ಕಣ್ಲಾ. ಗಂಡಸ್ರ ಸಾಲಲ್ಲಿ ಸೀರೆ ಎಳುದ್ರು. ಎಂಗಸ್ರ ಸಾಲಲ್ಲಿ ನಿಂತೆ, ಪೋಲೀಸ್ನೋರು ಎಳ್ಕೊಂಡೋದ್ರು. ಠಾಣೆಲೇ ಜರ ಬಿಡ್ತು, ಮದ್ದಿಲ್ದೆ!"

ಅವಳು ನಕ್ಕಳು. ನನಗೆ ನಗು ಬರಲಿಲ್ಲ.

ಎತ್ತಿನಗಾಡಿಯಲ್ಲಿ ಮಲಗಿಸಿ ಕರೆದೊಯ್ದೆ. ಹೆಂಗಸರ ಕೊಠಡಿಯ ಬಾಗಿಲಲ್ಲಿ ಬೋರ್ಡಿತ್ತು: ಹೆಣ್ಣುವೇಷದ ಗಂಡಸರು ಒಳಗೆ ಬಂದರೆ ಪೋಲೀಸಿಗೆ ಒಪ್ಪಿಸಲಾಗುವುದು.

"ನಾನೇನು ಮಾಡ್ಲಪ್ಪ, ರೂಲು" ಎಂದರು ಡಾಕ್ಟರು.

"ರೂಲು ಒಳಗೆ ಬರೋರಿಗೆ ಸಾರ್. ಅಕ್ಕ ಬರೋಲ್ಲ. ನೀವು ಹೊರಗೆ ಬರಬಾರದು ಅಂತ ಎಲ್ಲಿದೆ?"

ಡಾಕ್ಟರು ಬೋರ್ಡನ್ನು ಎರಡು ಸಲ ಓದಿದರು. ಕೋಟು ಬಿಚ್ಚಿ, ಬಿಸಿನೀರು ತರಿಸಿ, ಹೊಂಗೆಯ ನೆರಳಲ್ಲಿ ಗಾಡಿಯ ಮೇಲೆಯೇ ಕಾಲು ಕೊಯ್ದು ಕೀವು ತೆಗೆದರು. ಎರಡು ಕಾಲ್ಬೆರಳು ಹೋದವು, ಕಾಲು ಉಳಿಯಿತು. "ಇನ್ನೆರಡು ದಿನ ಬಿಟ್ಟಿದ್ರೆ ಕಾಲೇ ಹೋಗ್ತಿತ್ತು" ಎಂದರು.

ತಿಂಗಳಾದ ಮೇಲೆ ಎಲೆಯಕ್ಕ ಕುಂಟುತ್ತಲೇ ಕುಣಿದು ತೋರಿಸಿದಳು. ನಾನು ಗೆದ್ದ ವಾದವನ್ನು ಬೀದಿಗೆಲ್ಲ ಹೇಳಿಕೊಂಡು ಬೀಗುತ್ತಿದ್ದೆ.

"ಚೆಂದಾಗಿ ಗೆದ್ದೆ ಕಣ್ಲಾ ವಕೀಲ. ಬೋರ್ಡು ಅಲ್ಲೇ ಐತಲ್ಲ? ನಿನ್ ಎಲೆ ಸೋರ್ತೈತೆ."

ಯಾವ ತೀರ್ಪುಗಾರರೂ ನನ್ನ ವಾದದ ತೂತನ್ನು ಹೀಗೆ ಹಿಡಿದಿರಲಿಲ್ಲ. ಬೋರ್ಡು ತೆಗೆಸಬೇಕೆಂದು ಅಂದೇ ತಾಲ್ಲೂಕಿನ ಅಮಲ್ದಾರರಿಗೆ ಅರ್ಜಿ ಬರೆದೆ. ಮೊದಲು ಅವಳೇ ಮಸಿ ಒತ್ತಿ, ಹೆಬ್ಬೆಟ್ಟಿನ ಗುರುತನ್ನು ಬೀದಿಯವರ ಮುಂದೆ ಹಿಡಿದಳು. "ನೋಡೇಳ್ರಪ್ಪ, ಇದು ಗಂಡ್ ಎಬ್ಬೆಟ್ಟಾ, ಎಣ್ ಎಬ್ಬೆಟ್ಟಾ?" ನಕ್ಕವರೆಲ್ಲ ಒಬ್ಬೊಬ್ಬರಾಗಿ ಬಂದು ತಾವೂ ಒತ್ತಿದರು. ಅವಳ ಎಲೆಯಲ್ಲಿ ಉಂಡವರೇ ಎಲ್ಲ.

ಮೂರನೆಯ ಅರ್ಜಿಗೆ ಬೋರ್ಡು ಇಳಿಯಿತು. ಮರುದಿನ ಬೆಳಗಿನಿಂದ ಅವಳು ಹೆಂಗಸರ ಸಾಲಿನಲ್ಲಿ ನಿಂತಿದ್ದಳು. ಸರದಿ ಬಂದಾಗ ಡಾಕ್ಟರು ಏನು ಕಾಯಿಲೆ ಎಂದು ಕೇಳಿದರು.

"ಏನೂ ಇಲ್ಲ ಸಾ. ಸುಮ್ಕೆ ನಿಂತ್ ನೋಡಾನ ಅಂತ ಬಂದೆ."

ಈಗಲೂ ವಾದ ಬರೆದು ಮುಗಿಸಿದಾಗಲೆಲ್ಲ ಅದಕ್ಕೆ ಅವಳ ನೀರು ಸುರಿದು ನೋಡುತ್ತೇನೆ. ಹೋದ ಮಾಗಿಯಲ್ಲಿ ಎಲೆಯಕ್ಕ ತೀರಿಕೊಂಡಳು. ಅದೇ ಆಸ್ಪತ್ರೆಯಲ್ಲಿ, ಹೆಂಗಸರ ಕೊಠಡಿಯ ಒಳಗೆ, ಮಂಚದ ಮೇಲೆ.